ಹೆರಿಗೆ ಕೋಣೆಯ ಬಾಗಿಲಲ್ಲಿ ನಿಂತವರನ್ನು ಒಳಗೆ ಬಿಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೂ ರಾಜ್ಯದ ಎಲ್ಲ ತಾಲ್ಲೂಕು ಆಸ್ಪತ್ರೆಗಳ ಆಡಳಿತ ವೈದ್ಯಾಧಿಕಾರಿಗಳಿಗೆ,

ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಐದು ತಿಂಗಳ ಹಿಂದೆ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಚೊಚ್ಚಲ ಹೆರಿಗೆ ಆಯಿತು. ಹೆಣ್ಣು ಮಗು, ಹುಟ್ಟುವಾಗ 2 ಕೆ.ಜಿ. 800 ಗ್ರಾಂ ತೂಕ. ಮಗು ಆರೋಗ್ಯವಾಗಿದೆ, ನಾನೂ ಆರೋಗ್ಯವಾಗಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಪತ್ರ ಬರೆಯುತ್ತೇನೆ ಎಂದಾಗ ಮನೆಯವರೇ ಕೇಳಿದರು: ‘ಎರಡು ಜೀವವೂ ಕ್ಷೇಮವಾಗಿ ಮನೆಗೆ ಬಂದವಲ್ಲ, ಇನ್ನು ಬರೆಯುವುದಕ್ಕೆ ಏನಿದೆ?’

ಬರೆಯುವುದಕ್ಕೆ ಒಂದು ಕೋರಿಕೆ ಇದೆ. ನೋವು ತಿನ್ನುತ್ತಿರುವ ಹೆಂಗಸಿನ ಪಕ್ಕದಲ್ಲಿ ಅವಳ ಮನೆಯವರೊಬ್ಬರನ್ನು ಕೂರಲು ಬಿಡಿ. ಹೊಸ ಕಟ್ಟಡವನ್ನೋ ಹೊಸ ಯಂತ್ರವನ್ನೋ ನಾನು ಕೇಳುತ್ತಿಲ್ಲ. ಹೊಸ ಕಾನೂನೂ ಬೇಕಾಗಿಲ್ಲ, ಬೇಕಾದ ನಿಯಮ ಆಗಲೇ ಇದೆ. ಅದರ ವಿಷಯಕ್ಕೆ ಮುಂದೆ ಬರುತ್ತೇನೆ. ಮೊದಲು ನಾನು ಮನೆಗೆ ಬಂದ ದಿನದ ಮಾತು.

ಹೆರಿಗೆಯಾಗಿ ಎರಡು ದಿನ ಕಳೆದ ಮೇಲೆ, ಬಾಣಂತಿಯರನ್ನು ಮನೆಗೆ ಬಿಡುವ ಸರ್ಕಾರದ ನಗು-ಮಗು ವಾಹನ ನಮ್ಮನ್ನು ತವರಿನ ಬೀದಿಯಲ್ಲಿ ಇಳಿಸಿತು. ಸಂಜೆ ನಾಲ್ಕು ಗಂಟೆಯ ಬಿಸಿಲು. ಹೊಸಲಿನಲ್ಲಿ ಚಿಕ್ಕಮ್ಮ ಅರಿಶಿನಕ್ಕೆ ಸುಣ್ಣ ಕಲಸಿದ ಕೆಂಪು ನೀರಿನ ತಟ್ಟೆ ಹಿಡಿದು ನಿಂತಿದ್ದಳು. ನನಗೂ ಮಗುವಿಗೂ ಆರತಿ ಎತ್ತಿ, ಹಣೆಗೆ ಒಂದು ಬೊಟ್ಟು ಇಟ್ಟು, ಉಳಿದ ನೀರನ್ನು ಬೀದಿಗೆ ಚೆಲ್ಲಿದಳು. ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರು. ಕಿಟಕಿಯ ಸಂದಿಗಳಿಗೆಲ್ಲ ಹಳೆಯ ಬಟ್ಟೆ ತುರುಕಿ, ಬಾಣಂತಿಗೆ ಗಾಳಿ ತಾಗದಂತೆ ಮಾಡಿದ್ದರು. ಮಗುವಿಗೆ ಹಾಸಲು ಅಮ್ಮ ತನ್ನ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊಲಿದಿಟ್ಟಿದ್ದಳು. ಎಷ್ಟೋ ಸಲ ಒಗೆದು ಒಗೆದು ಮೆತ್ತಗಾದ ಬಟ್ಟೆ. ಅದರ ಮೇಲೆ ಮಲಗಿಸಿದ ಕೂಡಲೇ ಮಗು ಎರಡು ಕೈಗಳನ್ನೂ ಮೇಲೆತ್ತಿ ಮೈ ಮುರಿಯಿತು. ಮನೆಮಂದಿಯೆಲ್ಲ ಬಗ್ಗಿ ನೋಡುತ್ತ ನಿಂತರು.

ಆ ರಾತ್ರಿ ಅಜ್ಜಿ ನನ್ನ ಬೆನ್ನಿಗೆ ಬಿಸಿನೀರಿನ ಬಟ್ಟೆಯಲ್ಲಿ ಶಾಖ ಕೊಡುತ್ತ ಕೇಳಿದಳು: ‘ನೋವು ಬಂದಾಗ ನಿನ್ನ ಬೆನ್ನು ನೀವಿದವರು ಯಾರು?’

‘ಯಾರೂ ಇಲ್ಲ ಅಜ್ಜಿ’ ಎಂದೆ.

ಅವಳ ಕೈ ನಿಂತಿತು. ‘ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ?’

ಈ ಪತ್ರ ಹುಟ್ಟಿದ್ದು ಆ ಪ್ರಶ್ನೆಯಿಂದ. ಅಜ್ಜಿ ಏಳು ಹೆತ್ತವಳು. ಏಳೂ ಹೆರಿಗೆ ಮನೆಯಲ್ಲೇ ಆದವು. ಅದರಲ್ಲಿ ಎರಡು ಕೂಸುಗಳನ್ನು ತಿಂಗಳು ತುಂಬುವ ಮೊದಲೇ ಮಣ್ಣು ಮಾಡಿದ್ದಾಳೆ. ಆದ್ದರಿಂದ ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಅವಳೂ ಹೇಳುವುದಿಲ್ಲ, ನಾನಂತೂ ಹೇಳುವುದೇ ಇಲ್ಲ. ಆದರೆ ಏಳು ಸಲವೂ ಅವಳ ಬೆನ್ನ ಹಿಂದೆ ಒಬ್ಬಳು ಕೂತಿದ್ದಳು. ಸೂಲಗಿತ್ತಿ ಮುಂದೆ, ಅತ್ತಿಗೆಯೋ ಅಕ್ಕನೋ ಹಿಂದೆ. ನೋವು ಏರಿದಾಗ ಒರಗುವುದಕ್ಕೆ ಒಂದು ಎದೆ ಇತ್ತು. ಹೆರಿಗೆ ಎಂದರೆ ಒಂಟಿಯಾಗಿ ಆಗುವಂಥದ್ದು ಎಂಬ ಮಾತೇ ಅವಳ ತಲೆಗೆ ಹೋಗಲಿಲ್ಲ.

ನಮ್ಮದೇ ಜಿಲ್ಲೆಯ ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರು. 2018ರಲ್ಲಿ ದೇಶ ಅವರಿಗೆ ಪದ್ಮಶ್ರೀ ಕೊಟ್ಟು ಗೌರವಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರಿಗೆ ಬರೀ ಕೂಸು ಹಿಡಿಯುವ ಕೈಚಳಕಕ್ಕಾಗಿ ನಾವು ಕೈ ಮುಗಿಯುತ್ತಿರಲಿಲ್ಲ. ಹೆರುವವಳ ಜೊತೆಗೆ ರಾತ್ರಿಯಿಡೀ ಕೂರುವ ತಾಳ್ಮೆಗೂ ಮುಗಿಯುತ್ತಿದ್ದೆವು. ಆಸ್ಪತ್ರೆ ಬಂದಾಗ ಕೈಚಳಕದ ಜಾಗಕ್ಕೆ ಅದಕ್ಕಿಂತ ಒಳ್ಳೆಯದೇ ಬಂತು. ತಾಳ್ಮೆಯಿಂದ ಕೂರುವವಳ ಜಾಗಕ್ಕೆ ಯಾರೂ ಬರಲಿಲ್ಲ.

ಈಗ ಹೆರಿಗೆಯ ರಾತ್ರಿಯ ವಿಷಯ. ಆಸ್ಪತ್ರೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳುವುದು ಒಂದು ಆಸ್ಪತ್ರೆಯ ಕಥೆಯಾಗಿದ್ದರೆ ಅಲ್ಲಿಗೇ ಹೋಗಿ ಮಾತನಾಡುತ್ತಿದ್ದೆ. ಗ್ರಂಥಾಲಯಕ್ಕೆ ಬರುವ ಹೆಂಗಸರನ್ನು ಈ ಐದು ತಿಂಗಳಲ್ಲಿ ಕೇಳುತ್ತಾ ಬಂದಿದ್ದೇನೆ. ಊರು ಬೇರೆ, ಆಸ್ಪತ್ರೆ ಬೇರೆ, ಕಥೆ ಇದೇ.

ರಾತ್ರಿ ಒಂಬತ್ತಕ್ಕೆ 108 ನಮ್ಮನ್ನು ತಂದು ಬಿಟ್ಟಿತು. ತಾಯಿ ಕಾರ್ಡ್ ತೆಗೆದುಕೊಂಡು, ಬಿ.ಪಿ. ನೋಡಿ, ಮಗುವಿನ ಎದೆಬಡಿತ ಕೇಳಿಸಿಕೊಂಡು ನನ್ನನ್ನು ಒಳಗೆ ಕಳಿಸಿದರು. ಬಾಗಿಲ ಬಳಿ ಅಮ್ಮನ ಕೈ ಬಿಡಿಸಿದರು. ಅಮ್ಮನ ಕೈಚೀಲದಲ್ಲಿ ಬಿಸಿನೀರಿನ ಫ್ಲಾಸ್ಕ್, ಎರಡು ಹಳೆಯ ಸೀರೆ, ಒಂದು ಪೊಟ್ಟಣ ಕಲ್ಲುಸಕ್ಕರೆ ಇದ್ದವು. ಎಲ್ಲವೂ ಹೊರಗೇ ಉಳಿದವು.

ಒಳಗೆ ಮೂರು ಹೆರಿಗೆ ಮಂಚಗಳು. ಪರದೆ ಕಟ್ಟುವ ಕಂಬಿಗಳಿದ್ದವು, ಪರದೆಗಳಿರಲಿಲ್ಲ. ಇಡೀ ರಾತ್ರಿಗೆ ಒಬ್ಬರು ನರ್ಸ್, ಒಬ್ಬರು ಆಯಾ. ಆ ನರ್ಸ್ ಕೆಟ್ಟವರಲ್ಲ. ನಮ್ಮ ಮೂವರನ್ನೂ ನೋಡಬೇಕು, ವಾರ್ಡಿನ ಬಾಣಂತಿಯರ ಕೂಗಿಗೆ ಓಡಬೇಕು, ನಡುವೆ ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದು ತುಂಬಬೇಕು. ಬೆಳಗಿನ ಜಾವ ನಾಲ್ಕಕ್ಕೆ ಅವರು ಗೋಡೆಗೆ ಒರಗಿ, ನಿಂತಲ್ಲೇ ಒಂದು ಬಿಸ್ಕತ್ತು ತಿಂದದ್ದನ್ನು ನೋಡಿದ್ದೇನೆ. ಅವರಿಗೆ ನನ್ನ ಬೆನ್ನು ನೀವಲು ಎಲ್ಲಿಯ ಪುರುಸೊತ್ತು?

ಹನ್ನೊಂದು ಗಂಟೆ ಹಾಗೆ ಕಳೆಯಿತು. ನನ್ನ ಮಂಚದಿಂದ ನೋಡಿದರೆ ಬಾಗಿಲಿನ ಕೆಳಗೆ ನಾಲ್ಕು ಬೆರಳಿನಷ್ಟು ಸಂದಿ. ಅದರಲ್ಲಿ ಹೊರಗಿನ ಟ್ಯೂಬ್‌ಲೈಟಿನ ಬೆಳಕು. ಬೆಳಕಿನ ನಡುವೆ ಅಮ್ಮನ ಹವಾಯಿ ಚಪ್ಪಲಿ, ನೀಲಿ ಪಟ್ಟಿಯದು. ನೋವು ಬಂದಾಗಲೆಲ್ಲ ಆ ಚಪ್ಪಲಿಯನ್ನೇ ನೋಡುತ್ತಿದ್ದೆ. ನಾನು ಕೂಗಿದರೆ ಚಪ್ಪಲಿ ಬಾಗಿಲಿಗೆ ಹತ್ತಿರ ಬರುತ್ತಿತ್ತು. ಯಾರೋ ಗದರುತ್ತಿದ್ದರು, ಹಿಂದೆ ಸರಿಯುತ್ತಿತ್ತು. ನನಗೂ ಅಮ್ಮನಿಗೂ ನಡುವೆ ಹತ್ತು ಹೆಜ್ಜೆ. ಬಾಯಾರಿಕೆಯಿಂದ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು, ಫ್ಲಾಸ್ಕಿನಲ್ಲಿ ನೀರಿತ್ತು.

ಪಕ್ಕದ ಮಂಚದ ಹುಡುಗಿಗೆ ಇಪ್ಪತ್ತು ದಾಟಿರಲಿಕ್ಕಿಲ್ಲ, ಅವಳದೂ ಚೊಚ್ಚಲು. ಒಂದು ಹಂತದಲ್ಲಿ ಇಬ್ಬರೂ ಮಂಚಗಳ ನಡುವೆ ಕೈ ಚಾಚಿ ಬೆರಳಿಗೆ ಬೆರಳು ಹೆಣೆದು ಹಿಡಿದುಕೊಂಡೆವು. ಅವಳ ಹೆಸರೂ ನನಗೆ ಗೊತ್ತಿರಲಿಲ್ಲ. ‘ಕೈ ಬಿಡಿ, ಡ್ರಿಪ್ ಕಿತ್ತುಕೊಂಡೀತು’ ಎಂದು ನರ್ಸ್ ಹೇಳಿದರು. ಸರಿಯಾದ ಮಾತೇ. ಬಿಟ್ಟೆವು. ಆಮೇಲೆ ಅವಳು ಜೋರಾಗಿ ಅತ್ತಳು. ಆಗ ಆ ಆಯಾ ಹೇಳಿದ ಮಾತನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ‘ಗಂಡನ ಪಕ್ಕ ಮಲಗುವಾಗ ಈ ಅಳು ಎಲ್ಲಿ ಹೋಗಿತ್ತು?’ ತೊಡೆಯ ಮೇಲೆ ಒಂದು ಏಟು ಕೂಡ ಬಿತ್ತು.

ಈ ಮಾತು ಯಾರಿಗೂ ಹೊಸದಲ್ಲ ಎಂಬುದೇ ನನಗೆ ಹೆಚ್ಚು ಸಂಕಟದ ವಿಷಯ. ಗ್ರಂಥಾಲಯಕ್ಕೆ ಬರುವ ಹೆಂಗಸರಿಗೆ ಹೇಳಿದಾಗ ಅವರು ಬೆಚ್ಚಲಿಲ್ಲ. ‘ನನಗೂ ಅಂದಿದ್ದರು’ ಎಂದರು. ನಮ್ಮ ರಾಜ್ಯದ ಹೆಂಗಸರು ಇದನ್ನು ಹೆರಿಗೆಯ ಒಂದು ಭಾಗ ಎಂದೇ ಒಪ್ಪಿಕೊಂಡುಬಿಟ್ಟಿದ್ದಾರೆ.

ಆ ಮಾತು ಕೇಳಿದ ಮೇಲೆ ನಾನು ಬಾಯಿ ಮುಚ್ಚಿದೆ. ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಮಗು ಕೆಳಗೆ ಇಳಿಯುತ್ತಿರುವುದು ನನಗೆ ತಿಳಿಯುತ್ತಿದ್ದರೂ ಕರೆಯಲಿಲ್ಲ, ಬೈದಾರು ಎಂಬ ಹೆದರಿಕೆ. ಪಕ್ಕದ ಹುಡುಗಿಯೇ ‘ಸಿಸ್ಟರ್, ಅಕ್ಕನನ್ನು ನೋಡಿ’ ಎಂದು ಕೂಗಿದಳು. ನರ್ಸ್ ಓಡಿ ಬಂದಾಗ ತಲೆ ಕಾಣುತ್ತಿತ್ತು. ಅವಳು ಕೂಗದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ರಾತ್ರಿ ಹಾಲುಣಿಸುವಾಗ ಈಗಲೂ ಯೋಚಿಸುತ್ತೇನೆ. ಮಾನ್ಯರೇ, ಅವಮಾನ ಹೆಂಗಸಿನ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದ ಹೆಂಗಸು ರಕ್ತ ಹೆಚ್ಚಾಗಿ ಹೋಗುತ್ತಿದೆ ಎಂದೂ ಹೇಳುವುದಿಲ್ಲ, ಕಣ್ಣು ಕತ್ತಲೆ ಬರುತ್ತಿದೆ ಎಂದೂ ಹೇಳುವುದಿಲ್ಲ.

ಮಗು ಅತ್ತಿತು. ಬೆಳಗಿನ ಎಂಟು ದಾಟಿ ಹತ್ತು ನಿಮಿಷ. ಆ ದನಿಯನ್ನು ಹೇಗೆ ಹೇಳಲಿ? ತೆಳ್ಳಗೆ, ಸಿಟ್ಟಿನಿಂದ, ಬಿಟ್ಟು ಬಿಟ್ಟು ಬಂತು. ಒಂದು ಕ್ಷಣ ನನ್ನ ಹೊಟ್ಟೆಯ ಮೇಲಿಟ್ಟರು. ಒದ್ದೆಯಾದ, ಬಿಸಿಯಾದ, ನನ್ನದೇ ಆದ ಒಂದು ಭಾರ. ಕೈ ಇಡುವಷ್ಟರಲ್ಲಿ ತೆಗೆದುಕೊಂಡು ಹೋದರು.

ಮುಂದಿನದನ್ನು ಅಮ್ಮ ಹೇಳಿದ್ದು. ಆಯಾ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದರು. ಅಮ್ಮನ ಮೊದಲ ಪ್ರಶ್ನೆ, ‘ದೊಡ್ಡ ಜೀವ ಹೇಗಿದೆ?’ ಉತ್ತರ, ‘ಮೊದಲು ಕೈ ಬಿಸಿ ಮಾಡಿ, ಆಮೇಲೆ ಹೇಳುತ್ತೇನೆ.’ ಗಂಡಾದರೆ ಸಾವಿರ, ಹೆಣ್ಣಾದರೆ ಐದುನೂರು. ಅಮ್ಮ ಸೊಂಟದ ಚೀಲ ಬಿಚ್ಚಿ ಐದುನೂರು ಕೊಟ್ಟಳು. ಮಗಳು ಬದುಕಿದ್ದಾಳೋ ಇಲ್ಲವೋ ಎಂದು ತಿಳಿದುಕೊಳ್ಳಲು ಒಬ್ಬ ತಾಯಿ ಕೊಟ್ಟ ಹಣ ಅದು. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಗೆ, ಶಸ್ತ್ರಚಿಕಿತ್ಸೆಗೆ, ಔಷಧಿಗೆ, ಊಟಕ್ಕೆ, ಮನೆಗೆ ಬಿಡುವ ವಾಹನಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ನಮಗೆ ಅದೆಲ್ಲ ಸಿಕ್ಕಿತು, ಅದನ್ನು ಮರೆತಿಲ್ಲ. ಹಣ ಕೇಳಿದ್ದು ಮಗುವಿನ ಮುಖಕ್ಕೆ ಮಾತ್ರ. ಅಮ್ಮ ಒಳಗೇ ಇದ್ದಿದ್ದರೆ ಆ ಸುದ್ದಿಯನ್ನು ಅವಳಿಗೆ ಮಾರುವವರು ಯಾರು?

ಈ ಲಂಚದ ವಿಷಯವಾಗಿ ತಾವು ತನಿಖೆ ಮಾಡಿಸಬಹುದು, ಕ್ಯಾಮೆರಾ ಹಾಕಿಸಬಹುದು, ಎಚ್ಚರಿಕೆಯ ಫಲಕ ನೇತುಹಾಕಬಹುದು. ಬಾಗಿಲು ತೆರೆದರೆ ಅದರ ಬೇರೇ ಒಣಗುತ್ತದೆ.

ಈಗ ನಿಯಮದ ಮಾತಿಗೆ ಬರುತ್ತೇನೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ತಾಯಿಯ ಜೊತೆಗೆ ಒಬ್ಬರು ಇರಲು ಅವಕಾಶ ಕೊಟ್ಟಿತು. ಷರತ್ತುಗಳೂ ಅದರಲ್ಲೇ ಇವೆ. ಜೊತೆಗಿರುವವಳು ಹೆಂಗಸಾಗಿರಬೇಕು, ತಾನೂ ಹೆರಿಗೆ ನೋವು ಕಂಡವಳಾಗಿರಬೇಕು, ಅಂಟುರೋಗವಿರಬಾರದು, ಶುಭ್ರವಾದ ಬಟ್ಟೆ ಉಟ್ಟಿರಬೇಕು, ಹೆರಿಗೆ ಮುಗಿಯುವವರೆಗೂ ಇರಲು ಒಪ್ಪಬೇಕು, ಸಿಬ್ಬಂದಿಯ ಕೆಲಸಕ್ಕೆ ಅಡ್ಡ ಬರಬಾರದು. ಒಬ್ಬೊಬ್ಬರಿಗೂ ಮರೆ ಇರುವ ಕಡೆ ಗಂಡನನ್ನೂ ಬಿಡಬಹುದು ಎಂದಿದೆ. ಇದರಲ್ಲಿ ನಮ್ಮಮ್ಮನಿಗೆ ಯಾವ ಅರ್ಹತೆ ಕಡಿಮೆಯಿತ್ತು? ಮೂವರನ್ನು ಹೆತ್ತಿದ್ದಳು, ಒಗೆದ ಸೀರೆ ಚೀಲದಲ್ಲೇ ಇತ್ತು, ಹನ್ನೊಂದು ಗಂಟೆ ನಿಂತೇ ಇದ್ದಳು.

2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ಲಕ್ಷ್ಯ’ ಎಂಬ ಕಾರ್ಯಕ್ರಮ ತಂದಿತು. ಹೆರಿಗೆ ಕೋಣೆಗಳ ಗುಣಮಟ್ಟ ಸುಧಾರಿಸುವುದು, ತಾಯಿಯನ್ನು ಗೌರವದಿಂದ ನೋಡಿಕೊಳ್ಳುವುದು ಅದರ ಗುರಿ. ವಿಶ್ವ ಆರೋಗ್ಯ ಸಂಸ್ಥೆಯೂ ಹೆರುವವಳಿಗೆ ತನಗೆ ಬೇಕಾದವರೊಬ್ಬರು ಜೊತೆಗಿರಬೇಕು ಎಂದೇ ಹೇಳುತ್ತದೆ. 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ಒಟ್ಟಿಗೆ ಇಟ್ಟು ನೋಡಿದ ವೈದ್ಯಕೀಯ ಪರಾಮರ್ಶೆಯೊಂದರಲ್ಲಿ ಕಂಡದ್ದು ಇದು: ಉದ್ದಕ್ಕೂ ಒಬ್ಬರು ಜೊತೆಗಿದ್ದರೆ ನೋವಿನ ಅವಧಿ ತುಸು ಕಡಿಮೆಯಾಗುತ್ತದೆ, ಸಹಜ ಹೆರಿಗೆ ಹೆಚ್ಚುತ್ತದೆ, ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ನೆನಪು ತಾಯಿಗೆ ಕಹಿಯಾಗುವುದೂ ಕಡಿಮೆ. ಒಂದು ಸ್ಟೂಲಿನ ಖರ್ಚಿಗೆ ಇಷ್ಟು ಫಲ ಕೊಡುವ ಔಷಧಿ ತಮ್ಮ ಉಗ್ರಾಣದಲ್ಲಿ ಬೇರೆ ಯಾವುದಿದೆ? ಪಕ್ಕದ ತಮಿಳುನಾಡು ಈ ಶತಮಾನದ ಮೊದಲ ದಶಕದಲ್ಲೇ ತನ್ನ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಜೊತೆಗಾತಿಯನ್ನು ಬಿಡಲು ಶುರು ಮಾಡಿತು.

ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಗಂಡನೇ ಪಕ್ಕದಲ್ಲಿ ನಿಲ್ಲುತ್ತಾನೆ. ನನ್ನ ಜೊತೆ ಓದಿದ ಗೆಳತಿಗೆ ಅವಳ ಗಂಡ ನೀರು ಕುಡಿಸಿದ, ಬೆವರು ಒರೆಸಿದ, ಹೊಕ್ಕುಳಬಳ್ಳಿಯನ್ನೂ ಅವನ ಕೈಯಲ್ಲೇ ಕತ್ತರಿಸಿಸಿದರು. ಫೋನಿನಲ್ಲಿ ಅದನ್ನು ಕೇಳಿ ನನಗೆ ಸಂತೋಷವಾಯಿತು, ಅಸೂಯೆಯಲ್ಲ. ಆದರೆ ನೋವಿಗೆ ಬಡವಿ ಶ್ರೀಮಂತೆ ಎಂಬ ಭೇದ ಉಂಟೇ? ಹಣವಿದ್ದವಳ ಕೈ ಹಿಡಿಯಲು ಒಬ್ಬರು ಇರಬಹುದಾದರೆ ತಾಯಿ ಕಾರ್ಡ್ ಹಿಡಿದು ಬಂದವಳಿಗೆ ಏಕೆ ಇರಬಾರದು?

ತಮ್ಮ ಅಧಿಕಾರಿಗಳು ಮುಂದಿಡುವ ಕಾರಣಗಳೂ ನನಗೆ ಗೊತ್ತು. ಮನೆಗೆ ಬಂದ ಮೇಲೆ ನಮ್ಮ ತಾಲ್ಲೂಕಿನ ವೈದ್ಯರೊಬ್ಬರನ್ನು ಕೇಳಿದೆ. ಅವರು ಮನಸ್ಸು ಬಿಚ್ಚಿಯೇ ಮಾತನಾಡಿದರು. ಜಾಗ ಇಕ್ಕಟ್ಟು, ಸೋಂಕು ತಗಲುತ್ತದೆ, ಒಬ್ಬರನ್ನು ಬಿಟ್ಟರೆ ಹತ್ತು ಜನ ನುಗ್ಗುತ್ತಾರೆ, ಏನಾದರೂ ಹೆಚ್ಚುಕಡಿಮೆಯಾದರೆ ನೆಂಟರು ನರ್ಸಿನ ಮೇಲೆ ಕೈ ಮಾಡುತ್ತಾರೆ, ಪಕ್ಕದ ಮಂಚದ ಹೆಂಗಸಿಗೆ ಮುಜುಗರ. ಇವುಗಳಲ್ಲಿ ಹಲ್ಲೆಯ ಭಯ ನಿಜವಾದದ್ದು, ಅದನ್ನು ತಳ್ಳಿಹಾಕಲಾರೆ. ಸಿಬ್ಬಂದಿಯ ಮೇಲೆ ಕೈ ಎತ್ತುವವರಿಗೆ ಕಾನೂನಿನ ಪ್ರಕಾರ ಶಿಕ್ಷೆಯಾಗಲಿ. ಆದರೆ ಯೋಚಿಸಿ: ಬಾಗಿಲ ಹೊರಗೆ ಹನ್ನೊಂದು ಗಂಟೆ ಏನೂ ತಿಳಿಯದೆ ನಿಂತವರಿಗೆ ಒಮ್ಮೆಲೇ ಕೆಟ್ಟ ಸುದ್ದಿ ಹೇಳಿದರೆ ಅವರು ನಂಬುವುದಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನ ಸುದ್ದಿ ಓದಿದ ಮೇಲೆ ನಮ್ಮ ಕಡೆಯ ತಾಯಂದಿರ ಎದೆಯಲ್ಲಿ ಭಯ ಮನೆ ಮಾಡಿದೆ. ನರ್ಸ್ ಬೆವರು ಸುರಿಸಿ ದುಡಿದದ್ದನ್ನು ಕಣ್ಣಾರೆ ಕಂಡ ಒಬ್ಬ ಹೆಂಗಸು ಹೊರಗೆ ಬಂದು ‘ಅವರು ಕೈಲಾದದ್ದೆಲ್ಲ ಮಾಡಿದರು’ ಎಂದು ಹೇಳಿದರೆ ನೆಂಟರು ನಂಬುತ್ತಾರೆ. ಆ ಸಾಕ್ಷಿ ನರ್ಸಿಗೂ ರಕ್ಷೆಯೇ.

ಮುಜುಗರದ ಮಾತಿಗೆ ಪರದೆ ಕಟ್ಟಿ ಎನ್ನುತ್ತೇನೆ. ಕಂಬಿ ಇದೆ, ಬಟ್ಟೆ ಬೇಕು. ಪರದೆ ಇಲ್ಲದ್ದರಿಂದ ಜೊತೆಗಾತಿ ಬೇಡ ಎನ್ನುವ ವಾದವನ್ನು ನಾನು ಒಪ್ಪಲಾರೆ.

ಸೋಂಕಿನ ಮಾತಿಗೆ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಹೆರಿಗೆಯಾದ ಮೂರನೆಯ ದಿನ ಆಶಾ ಕಾರ್ಯಕರ್ತೆ ಬಂದರು. ಕೈ ತೊಳೆದುಕೊಂಡು, ಮಗುವನ್ನು ತೂಕದ ಜೋಲಿಯಲ್ಲಿ ಮಲಗಿಸಿ, ಮುಳ್ಳು ನಿಲ್ಲುವ ತನಕ ಉಸಿರು ಬಿಗಿಹಿಡಿದು ನೋಡಿದರು. ಆಗ ಅಜ್ಜಿ ಕೆಂಡಕ್ಕೆ ಲೋಬಾನ ಹಾಕಿ ಮಗುವಿಗೆ ಹೊಗೆ ಹಿಡಿಯಲು ಸಿದ್ಧವಾಗಿದ್ದಳು, ಹೊಕ್ಕುಳಿಗೆ ಹಚ್ಚಲು ಹರಳೆಣ್ಣೆ ಬಟ್ಟಲೂ ಬಂದಿತ್ತು. ಆಶಾ ಬೇಡ ಎಂದರು. ‘ಏಳು ಹೆತ್ತವಳಿಗೆ ನೀನು ಹೇಳಿಕೊಡುತ್ತೀಯಾ?’ ಎಂದಳು ಅಜ್ಜಿ. ಆಶಾ ಸಿಟ್ಟಾಗಲಿಲ್ಲ. ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತು, ಹೊಗೆಯಿಂದ ಕೂಸಿನ ಉಸಿರಿಗೆ ಏನಾಗುತ್ತದೆ, ಹಸಿ ಹೊಕ್ಕುಳು ಹೇಗೆ ಕೀವಾಗುತ್ತದೆ ಎಂದು ಬಿಡಿಸಿ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೆಂಡದ ಬಟ್ಟಲನ್ನು ತಾನೇ ಹಿತ್ತಲಿಗೆ ಒಯ್ದು ನೀರು ಹಾಕಿದಳು. ಅವಳ ಏಳರಲ್ಲಿ ಉಳಿಯದ ಎರಡು ಕೂಸುಗಳು ಆ ಹೊತ್ತಿನಲ್ಲಿ ಅವಳ ಕಣ್ಣ ಮುಂದೆ ಬಂದಿರಬೇಕು, ನಾನು ಕೇಳಲಿಲ್ಲ. ಏಳನೆಯ ದಿನ ಆಶಾ ಮತ್ತೆ ಬಂದಾಗ ಅಜ್ಜಿಯೇ ಮೊದಲು ಸೋಪು ನೀರು ತಂದಿಟ್ಟಳು. ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೆಯ ದಿನಗಳಲ್ಲೂ ಹಾಗೆಯೇ. ಎಂಬತ್ತು ದಾಟಿದ ಅಜ್ಜಿ ನಾಲ್ಕು ದಿನದಲ್ಲಿ ಕೈ ತೊಳೆಯುವುದನ್ನು ಕಲಿತಳು ಎಂದ ಮೇಲೆ, ಹೆರಿಗೆ ಕೋಣೆಗೆ ಬರುವ ಅಮ್ಮಂದಿರು ಕಲಿಯಲಾರರೇ? ಮರ್ಯಾದೆಯಿಂದ ಹೇಳುವವರು ಬೇಕು, ಅಷ್ಟೇ.

ಮೊದಲ ಹಾಲಿನ ವಿಷಯವೂ ಇದಕ್ಕೇ ಸೇರುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡಬೇಕು, ಮೊದಲ ಹಳದಿ ಗಿಣ್ಣುಹಾಲು ಚೆಲ್ಲಬಾರದು ಎಂದು ಆ ಕೋಣೆಯ ಗೋಡೆಯ ಮೇಲೇ ದೊಡ್ಡದಾಗಿ ಬರೆದಿತ್ತು. ಹೊಲಿಗೆ ಹಾಕಿಸಿಕೊಂಡು ಮಲಗಿ ನಾನು ಅದನ್ನೇ ಓದುತ್ತಿದ್ದೆ. ಮಗು ಬೇರೆ ಕಡೆ ಇತ್ತು. ವಾರ್ಡಿಗೆ ಬಂದ ಮೇಲೆ ಅಮ್ಮನೇ ಮಗುವಿನ ಬಾಯಿಯನ್ನು ಎದೆಗೆ ಹಚ್ಚಿದ್ದು, ‘ತೊಟ್ಟು ಮಾತ್ರ ಅಲ್ಲ, ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು’ ಎಂದು ಕಲಿಸಿದ್ದು. ಅಷ್ಟರಲ್ಲಿ ಆ ಒಂದು ಗಂಟೆ ಕಳೆದುಹೋಗಿತ್ತು.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವವಳಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ಹೊತ್ತಿಗೆ ಅದು 97ಕ್ಕೆ ಏರಿದೆ. 2001-03ರಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿಯಿತು. ಈ ಅಂಕಿಗಳ ಹಿಂದೆ ಎಷ್ಟು ಆಶಾ ಕಾರ್ಯಕರ್ತೆಯರ ಸವೆದ ಚಪ್ಪಲಿಗಳಿವೆ, ಎಷ್ಟು ನರ್ಸ್‌ಗಳ ನಿದ್ದೆಗೆಟ್ಟ ರಾತ್ರಿಗಳಿವೆ ಎಂಬುದು ನನಗೆ ಗೊತ್ತು. ಹೆಂಗಸರು ತಮ್ಮ ಮಾತು ನಂಬಿ ಆಸ್ಪತ್ರೆಗೆ ಬಂದರು. ಮನೆಯಲ್ಲಿ ಹೆರುವ ರೂಢಿಯನ್ನು ಒಂದೇ ತಲೆಮಾರಿನಲ್ಲಿ ಬಿಟ್ಟರು. ಹಾಗೆ ನಂಬಿ ಬಂದವರನ್ನು ಬಾಗಿಲಲ್ಲಿ ತಮ್ಮವರಿಂದ ಬೇರ್ಪಡಿಸಬೇಡಿ.

2023ರ ಜುಲೈನಲ್ಲಿ ನಮ್ಮ ತುಮಕೂರು ತಾಲ್ಲೂಕಿನ ಒಂದು ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ಆ ಸುದ್ದಿ ಓದಿದ ದಿನ ಗ್ರಂಥಾಲಯದಲ್ಲಿ ಪತ್ರಿಕೆ ಒಬ್ಬರ ಕೈಯಿಂದ ಒಬ್ಬರಿಗೆ ಹೋಯಿತು, ಯಾರೂ ಮಾತಾಡಲಿಲ್ಲ. ಅಧಿಕಾರಿಗಳು ಹಟ್ಟಿಗೆ ಹೋಗಿ ತಿಳಿವಳಿಕೆ ಹೇಳಿದರು, ಹೇಳಬೇಕಾದದ್ದೇ. ಹಸಿ ಬಾಣಂತಿಯನ್ನು ಒಂಟಿಯಾಗಿ ಬಿಡುವುದು ತಪ್ಪು ಎಂದು ಆ ಜನರಿಗೆ ಹೇಳುವ ನಾವು, ಹೆರುತ್ತಿರುವವಳನ್ನು ನಮ್ಮ ಆಸ್ಪತ್ರೆಗಳಲ್ಲಿ ಒಂಟಿಯಾಗಿ ಬಿಟ್ಟಿದ್ದೇವೆ. ಅಲ್ಲಿಯ ನಷ್ಟಕ್ಕೂ ಇಲ್ಲಿಯದಕ್ಕೂ ಹೋಲಿಕೆಯಿಲ್ಲ, ಬಲ್ಲೆ. ಆದರೂ ಆ ರಾತ್ರಿ ಮಂಚದ ಮೇಲೆ ನನಗೆ ನೆನಪಾದದ್ದು ಆ ಗುಡಿಸಲೇ.

ತಮ್ಮಿಂದ ಆಗಬೇಕಾದದ್ದು ಒಂದು ಸುತ್ತೋಲೆ. ಪ್ರತಿ ತಾಲ್ಲೂಕು ಆಸ್ಪತ್ರೆಗೆ, ಸಮುದಾಯ ಆರೋಗ್ಯ ಕೇಂದ್ರಕ್ಕೆ, ಹೆರಿಗೆ ನಡೆಯುವ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಅದು ಹೋಗಲಿ. ‘ಹೆರಿಗೆಯ ವೇಳೆ ನಿಮ್ಮ ಜೊತೆಗೆ ಒಬ್ಬರು ಇರಬಹುದು’ ಎಂದು ಹೆರಿಗೆ ಕೋಣೆಯ ಬಾಗಿಲ ಮೇಲೆ, ‘ಪ್ರವೇಶವಿಲ್ಲ’ ಎಂದು ಬರೆದ ಕಡೆಯೇ, ಅಚ್ಚಗನ್ನಡದಲ್ಲಿ ಬರೆಸಿ. ಪರದೆಗೆ, ಸ್ಟೂಲಿಗೆ, ಜೊತೆಗಾತಿ ಹಾಕಿಕೊಳ್ಳುವ ನಿಲುವಂಗಿಗೆ ದುಡ್ಡು ಕೊಡಿ. ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ಕೊಡಿ. ಜೊತೆಗಾತಿ ಇದ್ದಾಳೆ ಎಂಬ ನೆಪದಲ್ಲಿ ಇರುವ ಒಬ್ಬರನ್ನೂ ಕಡಿಮೆ ಮಾಡಬೇಡಿ, ಏಕೆಂದರೆ ನಮ್ಮಮ್ಮ ಬೆನ್ನು ನೀವಬಲ್ಲಳು, ರಕ್ತಸ್ರಾವ ನಿಲ್ಲಿಸಲಾರಳು. ಇನ್ನೊಂದು ನನ್ನದೇ ಸಲಹೆ: ತಾಯಿ ಕಾರ್ಡಿನಲ್ಲಿ ರಕ್ತದ ಗುಂಪಿಗೆ, ಹಿಮೋಗ್ಲೋಬಿನ್‌ಗೆ ಜಾಗವಿರುವಂತೆ ‘ಹೆರಿಗೆಗೆ ಜೊತೆಗಿರುವವರು’ ಎಂದು ಒಂದು ಸಾಲು ಇರಲಿ. ಏಳನೆಯ ತಿಂಗಳ ತಪಾಸಣೆಗೆ ಹೋದಾಗಲೇ ಹೆಸರು ಬರೆಯಲಿ. ಆ ಹೆಂಗಸನ್ನು ಆಗಲೇ ಕರೆದು ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳಿಕೊಡಲಿ. ಹೆಸರು ಕಾರ್ಡಿನಲ್ಲಿ ಬಂದರೆ ನಡುರಾತ್ರಿ ಬಾಗಿಲಲ್ಲಿ ಯಾರ ಕಾಲನ್ನೂ ಹಿಡಿಯಬೇಕಾಗಿಲ್ಲ. ಬರೆದ ಸಾಲಿಗೆ ಇರುವ ಬಲ ನಮ್ಮಂಥವರ ಬಾಯಿಮಾತಿಗೆ ಇಲ್ಲ.

ಈ ಕೋರಿಕೆಗೆ ಒಂದು ಅವಸರವೂ ಇದೆ. ನನ್ನ ತಂಗಿಗೆ ಈಗ ಏಳು ತಿಂಗಳು, ಅವಳದೂ ಚೊಚ್ಚಲು. ವೈದ್ಯರು ಕೊಟ್ಟ ದಿನ ಶ್ರಾವಣದಲ್ಲಿ ಬೀಳುತ್ತದೆ. ಅವಳೂ ಅದೇ ಆಸ್ಪತ್ರೆಗೆ ಹೋಗುತ್ತಾಳೆ, ಬೇರೆ ಕಡೆ ಹೋಗುವ ಶಕ್ತಿ ನಮಗಿಲ್ಲ. ನನ್ನ ಹೆರಿಗೆಯ ಕಥೆಯನ್ನು ಪೂರ್ತಿಯಾಗಿ ಅವಳಿಗೆ ಹೇಳಿಲ್ಲ. ಆದರೂ ಹೇಗೋ ಅರ್ಥ ಮಾಡಿಕೊಂಡಿದ್ದಾಳೆ. ಮೊನ್ನೆ ನನ್ನ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡು, ತಲೆ ಎತ್ತದೆ ಕೇಳಿದಳು: ‘ಅಕ್ಕ, ನೀನು ಒಳಗೆ ಬರುತ್ತೀಯಾ?’

2016ರ ನಿಯಮ ಕೇಳುವ ಅರ್ಹತೆ ಈಗ ನನಗಿದೆ, ನಾನೂ ಹೆರಿಗೆ ನೋವು ಕಂಡವಳು. ಒಂದು ನೂಲಿನ ಸೀರೆ ಒಗೆದು ಇಸ್ತ್ರಿ ಮಾಡಿ ಬೇರೆ ಚೀಲದಲ್ಲಿ ಎತ್ತಿಟ್ಟಿದ್ದೇನೆ, ಉಗುರು ಕತ್ತರಿಸಿಕೊಂಡು ಬರುತ್ತೇನೆ. ಆ ಹೊತ್ತಿಗೆ ನನ್ನ ಮಗಳಿಗೆ ಏಳು ತಿಂಗಳಾಗಿರುತ್ತದೆ, ರಾಗಿ ಸರಿ ತಿನ್ನುತ್ತಿರುತ್ತಾಳೆ. ಅವಳನ್ನು ಒಂದು ರಾತ್ರಿ ಅಜ್ಜಿಯ ಹತ್ತಿರ ಬಿಡಬಹುದು. ಅಮ್ಮ ಫ್ಲಾಸ್ಕ್ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತಿರುತ್ತಾಳೆ. ನಾನು ತಂಗಿಯ ಕೈ ಹಿಡಿದು ಆ ಬಾಗಿಲಿನವರೆಗೆ ಬರುತ್ತೇನೆ. ತಮ್ಮ ಸುತ್ತೋಲೆಯ ಒಂದು ಪ್ರತಿ ಆಗ ನನ್ನ ಇನ್ನೊಂದು ಕೈಯಲ್ಲಿರುವಂತೆ ಮಾಡಿ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ತಾಯಿ